ಮೇಷ್ಟರ ತಿಂಗಳ ಸಭೆ

ಪುಷ್ಯಮಾಸದ ಒಂದು ಶನಿವಾರ. ಬೆಳಗಿನ ಶಾಲೆಗೆ ಹೋಗಿದ್ದ ನಮ್ಮ ಮೊಮ್ಮಗನು, ಗಂಟೆ ಇನ್ನೂ ಒಂಬತ್ತೂವರೆಯಾಗಿರುವಾಗಲೇ ಹಿಂದಿರುಗಿ, ಪುಸ್ತಕದ ಚೀಲವನ್ನು ಜಗಲಿಯ ಮೇಲೆಸೆದು ಬುಗುರಿಯನ್ನು ಹುಡುಕತೊಡಗಿದನು. ಏಕೆಂದು ಕೇಳಲು, "ಮೇಷ್ಟರಿಗೆ ಇವತ್ತು ಸಭೆಯಂತೆ ತಾತಾ, ಬೇಗ ಬಿಟ್ಟುಬಿಟ್ಟರು" ಎಂದನು. ಒಳಗಿನಿಂದ ಅವನ ಅಜ್ಜಿಯು, "ಹೋದ ತಿಂಗಳೂ ಸಭೆ, ಈ ತಿಂಗಳೂ ಸಭೆ, ಪಾಠ ಹೇಳುವುದು ಯಾವಾಗ?" ಎಂದಳು. ನಾವೂ ತಲೆದೂಗಿದೆವು. ನಮ್ಮ ವಾಚಕರಲ್ಲಿ ಶಾಲೆಗೆ ಹೋಗುವ ಮಕ್ಕಳುಳ್ಳ ಗೃಹಸ್ಥರೆಲ್ಲರೂ ಒಂದಲ್ಲ ಒಂದು ದಿನ ಹೀಗೆಯೇ ತಲೆದೂಗಿರಬಹುದೆಂದು ನಂಬುತ್ತೇವೆ.

ಅಂದಿನ ಸಂಜೆ, ನಮ್ಮ ಬೀದಿಯ ಕೊನೆಯಲ್ಲಿ ವಾಸವಾಗಿರುವ ವೃದ್ಧ ಉಪಾಧ್ಯಾಯರೊಬ್ಬರು ವಾಡಿಕೆಯಂತೆ ನಮ್ಮಲ್ಲಿಗೆ ಬಂದರು. ಅವರು ನಿವೃತ್ತರಾಗಿ ಹಲವು ವರ್ಷಗಳಾಗಿವೆ. ನಮ್ಮ ದೂರನ್ನು ಅವರ ಮುಂದಿಟ್ಟೆವು. ಅವರು ಒಪ್ಪಿಯಾರೆಂದು ನಾವು ಎಣಿಸಿದ್ದೆವು. ಆದರೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ವಾಮಿ, ನಾನು ಒಂಬತ್ತು ವರ್ಷ ಒಂದು ಸುಳ್ಳನ್ನು ಪಾಠ ಹೇಳಿದವನು. ನನಗೆ ಅಂತಹ ಒಂದು ಸಭೆ ಇದ್ದಿದ್ದರೆ ಅದು ಒಂದೇ ತಿಂಗಳಲ್ಲಿ ನಿಲ್ಲುತ್ತಿತ್ತು" ಎಂದರು.

ಅವರು ಹೇಳಿದ ಸಂಗತಿಯು ಹೀಗಿದೆ. ಅವರಿಗೆ ಮೊದಲು ನೇಮಕವಾದುದು ಮಲೆನಾಡಿನ ಒಂದು ಏಕೋಪಾಧ್ಯಾಯ ಶಾಲೆಗೆ. ಮಳೆಗಾಲದಲ್ಲಿ ಹಳ್ಳ ತುಂಬಿತೆಂದರೆ ಆ ಊರಿಗೆ ಟಪಾಲೂ ಬರುತ್ತಿರಲಿಲ್ಲ. ಋತುಗಳ ಪಾಠ ಬಂದಾಗ ಅವರು, ಬೇಸಗೆಯಲ್ಲಿ ಭೂಮಿಯು ಸೂರ್ಯನ ಸಮೀಪಕ್ಕೆ ಹೋಗುವುದರಿಂದ ಸೆಕೆಯೂ, ಚಳಿಗಾಲದಲ್ಲಿ ದೂರ ಸರಿಯುವುದರಿಂದ ಚಳಿಯೂ ಆಗುವುವೆಂದು ಬೋಧಿಸಿದರು. ಒಲೆಯ ಹತ್ತಿರ ಹೋದರೆ ಬಿಸಿ, ದೂರ ಸರಿದರೆ ತಂಪು ಎಂಬ ದೃಷ್ಟಾಂತವನ್ನೂ ಕೊಟ್ಟರು. ಮಕ್ಕಳಿಗೆ ಇದು ಸುಲಭವಾಗಿ ಮನವರಿಕೆಯಾಯಿತು. ಪರೀಕ್ಷೆಯಲ್ಲಿ ಹಾಗೆಯೇ ಬರೆದರು. ಇವರು ಪೂರ್ಣ ಅಂಕ ಕೊಟ್ಟರು. ವರ್ಷಕ್ಕೊಮ್ಮೆ ಬರುತ್ತಿದ್ದ ತನಿಖೆಯ ಅಧಿಕಾರಿಗಳು ಹಾಜರಿ ಪುಸ್ತಕವನ್ನು ನೋಡಿ, ಎಳನೀರು ಕುಡಿದು, ಸಹಿ ಮಾಡಿ ಹೋಗುತ್ತಿದ್ದರು. ಒಂಬತ್ತು ವರ್ಷಗಳಾದ ಮೇಲೆ ಒಂದು ತರಬೇತಿಗೆಂದು ಪಟ್ಟಣಕ್ಕೆ ಹೋದಾಗ, ಒಂದೇ ಕೋಣೆಯಲ್ಲಿ ಮಲಗಿದ್ದ ಬೇರೊಂದು ಊರಿನ ಉಪಾಧ್ಯಾಯರೊಡನೆ ಮಾತು ಈ ಪಾಠದ ಕಡೆಗೆ ತಿರುಗಿತು. ಆ ಮಹಾಶಯರು ನಗಲಿಲ್ಲ. ಒಂದು ಕಿತ್ತಳೆಹಣ್ಣಿಗೆ ಕಡ್ಡಿಯನ್ನು ಚುಚ್ಚಿ, ಸ್ವಲ್ಪ ವಾಲಿಸಿ ಹಿಡಿದು, ದೀಪದ ಸುತ್ತ ಒಂದು ಸುತ್ತು ಬರಿಸಿ ತೋರಿಸಿದರಂತೆ. ಅಷ್ಟೇ.

ನಿಜಾಂಶವೇನೆಂದರೆ, ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುವುದು ಜನವರಿ ತಿಂಗಳ ಮೊದಲ ವಾರದಲ್ಲಿ, ಎಂದರೆ ನಾವು ಕಂಬಳಿ ಹೊದೆಯುವ ಕಾಲದಲ್ಲಿಯೇ. ಆಗ ನಡುವಣ ದೂರ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರು. ಜುಲೈ ಮೊದಲ ವಾರದಲ್ಲಿ ಅದು 15 ಕೋಟಿ 21 ಲಕ್ಷ. ಋತುಭೇದಕ್ಕೆ ಮುಖ್ಯ ಕಾರಣವು ಭೂಮಿಯ ಅಕ್ಷವು ಸುಮಾರು 23½ ಡಿಗ್ರಿ ವಾಲಿರುವುದು, ದೂರ ಸಮೀಪಗಳಲ್ಲ. "ತಿದ್ದಿಕೊಳ್ಳಲು ನನಗೆ ಹಿಡಿದದ್ದು ಐದು ನಿಮಿಷ" ಎಂದು ಆ ವೃದ್ಧರು ಹೇಳಿದರು. "ಆದರೆ ಆ ಒಂಬತ್ತು ವರ್ಷದ ಮಕ್ಕಳನ್ನು ಎಲ್ಲಿ ಹುಡುಕಿ ಹೇಳಲಿ? ಅವರಲ್ಲಿ ಇಬ್ಬರು ಈಗ ತಾವೇ ಮೇಷ್ಟರುಗಳಾಗಿದ್ದಾರೆ."

ಈ ಮಾತು ನಮ್ಮ ಮನಸ್ಸಿನಲ್ಲಿ ನಾಟಿತು. ಇತರ ವೃತ್ತಿಗಳನ್ನು ನೋಡಿರಿ. ವಕೀಲರ ವಾದವನ್ನು ಎದುರು ವಕೀಲರೂ ನ್ಯಾಯಾಧೀಶರೂ ಕೇಳುತ್ತಾರೆ. ಬಡಗಿಯು ಕೂಡಿಸಿದ ಬಾಗಿಲು ಸರಿಯಾಗಿಲ್ಲದಿದ್ದರೆ ಮತ್ತೊಬ್ಬ ಬಡಗಿಯು ಬೀದಿಯಲ್ಲಿ ಹೋಗುತ್ತಲೇ ಕಂಡುಕೊಳ್ಳುತ್ತಾನೆ. ಅಡಿಗೆಯವರ ಸಾರನ್ನು ಪಂಕ್ತಿಯೇ ಪರೀಕ್ಷಿಸುತ್ತದೆ. ಉಪಾಧ್ಯಾಯರೊಬ್ಬರು ಮಾತ್ರ ತಮ್ಮ ಕೆಲಸವನ್ನು, ಅದರ ತಪ್ಪು ಒಪ್ಪುಗಳನ್ನು ಅರಿಯಲಾರದ ಎಳೆಯರ ಮುಂದೆ, ಗೋಡೆಗಳ ನಡುವೆ ಒಂಟಿಯಾಗಿ ಮಾಡುವರು. ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ ಎಂಬವರು 1975ರಲ್ಲಿ ಉಪಾಧ್ಯಾಯ ವೃತ್ತಿಯನ್ನು ಕುರಿತು ಬರೆದ ಗ್ರಂಥದಲ್ಲಿ, ಶಾಲೆಗಳನ್ನು ಮೊಟ್ಟೆ ಜೋಡಿಸುವ ಪೆಟ್ಟಿಗೆಗೆ ಹೋಲಿಸಿದ್ದಾರೆ: ಪ್ರತಿಯೊಂದು ಮೊಟ್ಟೆಗೂ ಒಂದೊಂದು ಗುಂಡಿ, ಒಂದನ್ನೊಂದು ತಾಕುವಂತಿಲ್ಲ. ವಿದ್ಯೆಯ ಕಾಲುಭಾಗವು ಸಹಪಾಠಿಗಳಿಂದ ಬರುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಿದ್ದರೆ, ಕಲಿಸುವ ವಿದ್ಯೆಯನ್ನು ಕಲಿಯುತ್ತಿರುವ ಉಪಾಧ್ಯಾಯರಿಗೆ ಸಹಪಾಠಿಗಳಾರು?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ದೊರೆತ ಒಂದು ಉತ್ತರವನ್ನು ವಾಚಕರಿಗೆ ತಿಳಿಸುವುದೇ ಈ ಲೇಖನದ ಮುಖ್ಯ ಉದ್ದೇಶವಾಗಿದೆ. ಮಧ್ಯಪ್ರದೇಶದಲ್ಲಿ ನರ್ಮದಾ ನದಿಯ ದಡದಲ್ಲಿ ಹೋಶಂಗಾಬಾದ್ ಎಂಬ ಪಟ್ಟಣವಿದೆ. 2022ರಿಂದ ಅದಕ್ಕೆ ನರ್ಮದಾಪುರಂ ಎಂಬ ಹೆಸರಾಗಿದೆ. ಆ ಜಿಲ್ಲೆಯಲ್ಲಿ 1972ನೆಯ ಇಸವಿಯಲ್ಲಿ, ಕೇವಲ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ, ವಿಜ್ಞಾನ ಬೋಧನೆಯ ಒಂದು ಹೊಸ ಪ್ರಯೋಗವು ಆರಂಭವಾಯಿತು. ಆರಂಭಿಸಿದವು ಎರಡು ಸಂಸ್ಥೆಗಳು. ಒಂದು, ಕ್ವೇಕರ್ ಪಂಥದ ಕ್ರೈಸ್ತರು ರಸೂಲಿಯಾದಲ್ಲಿ ಸ್ಥಾಪಿಸಿದ್ದ ಫ್ರೆಂಡ್ಸ್ ಗ್ರಾಮೀಣ ಕೇಂದ್ರ. ಮತ್ತೊಂದು, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ವಿಜ್ಞಾನಿ ಅನಿಲ್ ಸದ್ಗೋಪಾಲರು ಆ ಹುದ್ದೆಯನ್ನು ಬಿಟ್ಟು ಬಂದು ಹಳ್ಳಿಯಲ್ಲಿ ಕಟ್ಟಿದ ಕಿಶೋರ ಭಾರತಿ. ರಾಜ್ಯ ಸರ್ಕಾರವು ಅನುಮತಿಯನ್ನಿತ್ತಿತು. ಟಾಟಾ ಸಂಸ್ಥೆಯ ವಿಜ್ಞಾನಿಗಳೂ, ತರುವಾಯ ದಿಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರೂ ನೆರವಿಗೆ ಬಂದರು.

ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗಾಗಿ ಅಲ್ಲಿ ರಚಿತವಾದ ಪುಸ್ತಕಗಳ ಹೆಸರು 'ಬಾಲ ವೈಜ್ಞಾನಿಕ'. ಅವುಗಳಲ್ಲಿ ಪ್ರಯೋಗ ಮಾಡುವ ಕ್ರಮವಿತ್ತು, ಪ್ರಶ್ನೆಗಳಿದ್ದುವು. ಉತ್ತರಗಳು ಮಾತ್ರ ಇರಲಿಲ್ಲ! ನಾಲ್ವರು ಮಕ್ಕಳು ಒಂದು ಗುಂಪಾಗಿ ಕುಳಿತು, ಕೈಯಾರೆ ಮಾಡಿ, ಕಣ್ಣಾರೆ ಕಂಡು, ಉತ್ತರವನ್ನು ತಾವೇ ಬರೆದುಕೊಳ್ಳಬೇಕಾಗಿತ್ತು. ಉಪಕರಣಗಳು ಅಗ್ಗದವು. ಹೂವಿನ ಎಸಳುಗಳನ್ನು ಬಿಡಿಸುವುದಕ್ಕೆ ಜಾಲಿಯ ಮುಳ್ಳೇ ಸಾಕಾಗುತ್ತಿತ್ತು. ಪರೀಕ್ಷೆಯಲ್ಲಿ ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆಯಬಹುದಾಗಿತ್ತು, ಏಕೆಂದರೆ ನಕಲು ಮಾಡುವುದಕ್ಕೆ ಅದರಲ್ಲಿ ಉತ್ತರವೇ ಇರಲಿಲ್ಲವಷ್ಟೆ.

ಮಕ್ಕಳಿಗೆ ಇದು ಹಬ್ಬವಾಯಿತು. ಉಪಾಧ್ಯಾಯರ ಪಾಡೇನು? ಆ ಹಳ್ಳಿಗಳ ಉಪಾಧ್ಯಾಯರಲ್ಲಿ ಅನೇಕರು ತಾವೇ ವಿಜ್ಞಾನವನ್ನು ಹೆಚ್ಚಾಗಿ ಓದಿದವರಲ್ಲ. ಇದುವರೆಗೆ ಪುಸ್ತಕದಲ್ಲಿದ್ದುದನ್ನು ಓದಿಸಿ, ಪ್ರಶ್ನೋತ್ತರಗಳನ್ನು ಬರೆಸಿದರೆ ಕೆಲಸ ಮುಗಿಯುತ್ತಿತ್ತು. ಈಗ ಹುಡುಗನು ಎದ್ದು ನಿಂತು, "ನಮ್ಮ ಗುಂಪಿಗೆ ಬೇರೆಯೇ ಉತ್ತರ ಬಂದಿದೆ" ಎಂದರೆ ನೋಡಿಕೊಳ್ಳಲು ಯಾವ ಮಾರ್ಗದರ್ಶಿಯೂ ಇಲ್ಲ. ಬೇಸಗೆಯ ರಜೆಯಲ್ಲಿ ಮೂರು ವಾರಗಳ ಶಿಬಿರವನ್ನು ನಡೆಸಿ, ಉಪಾಧ್ಯಾಯರೇ ಮಕ್ಕಳಂತೆ ಗುಂಪುಗೂಡಿ ಕುಳಿತು ಪ್ರಯೋಗಗಳನ್ನು ಮಾಡುವಂತೆ ಏರ್ಪಡಿಸಿದ್ದರು. ಆದರೆ ಶಿಬಿರದಲ್ಲಿ ಕಲಿತದ್ದು ಆಷಾಢದ ಹೊತ್ತಿಗೆ ಅರ್ಧ ಮರೆಯುತ್ತದೆ. ಉಳಿದರ್ಧವು ತರಗತಿಯ ಗದ್ದಲದಲ್ಲಿ ಕೈಗೆ ಹತ್ತುವುದಿಲ್ಲ. ಇದನ್ನರಿತೇ ಅಲ್ಲಿಯವರು 'ಮಾಸಿಕ ಗೋಷ್ಠಿ' ಎಂಬುದನ್ನು ಏರ್ಪಡಿಸಿದರು.

ಗೋಷ್ಠಿಯ ಕ್ರಮ ಬಹಳ ಸರಳವಾದುದು. ಸುತ್ತಮುತ್ತಲಿನ ಶಾಲೆಗಳಿಗೆಲ್ಲ ಅನುಕೂಲವಾದ ಒಂದು ಶಾಲೆಯನ್ನು 'ಸಂಗಮ ಕೇಂದ್ರ'ವೆಂದು ಗೊತ್ತುಮಾಡುವುದು. ತಿಂಗಳಿಗೊಂದು ದಿನ ವಿಜ್ಞಾನದ ಉಪಾಧ್ಯಾಯರೆಲ್ಲರೂ ಅಲ್ಲಿ ಸೇರುವುದು. ಕಳೆದ ತಿಂಗಳು ಯಾವ ಪಾಠ ಹೇಗೆ ನಡೆಯಿತು, ಎಲ್ಲಿ ಮುಗ್ಗರಿಸಿತು ಎಂದು ಪ್ರತಿಯೊಬ್ಬರೂ ಹೇಳುವುದು. ಮುಂದಿನ ತಿಂಗಳ ಪ್ರಯೋಗಗಳನ್ನು ಅಲ್ಲಿಯೇ ಒಮ್ಮೆ ಮಾಡಿ ನೋಡುವುದು. ಕೇಳುವುದಕ್ಕೆ ಇಷ್ಟೇ. ಆದರೆ ಇದರೊಳಗಿನ ಗುಣವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಒಬ್ಬರ ತರಗತಿಯಲ್ಲಿ ಬೀಜ ಮೊಳೆಯಲಿಲ್ಲವೆನ್ನೋಣ. ಒಂಟಿಯಾಗಿದ್ದರೆ ಅವರು, "ಪ್ರಯೋಗ ಕೆಟ್ಟಿತು, ಪುಸ್ತಕ ಸರಿಯಿಲ್ಲ, ಇಲ್ಲವೆ ನನಗೆ ಬರುವುದಿಲ್ಲ" ಎಂಬ ಮೂರರಲ್ಲೊಂದನ್ನು ನಂಬಿಕೊಂಡು, ಮರುದಿನ ಕಪ್ಪು ಹಲಗೆಯ ಮೇಲೆ ಉತ್ತರವನ್ನು ಬರೆದು ಮುಂದಕ್ಕೆ ಸಾಗುವರು. ಗೋಷ್ಠಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿದೊಡನೆಯೇ, ಮತ್ತೊಬ್ಬರು, "ನನ್ನಲ್ಲಿಯೂ ಮೊಳೆಯಲಿಲ್ಲ; ನೀರು ಹೆಚ್ಚಾಗಿ ಕೊಳೆತವು" ಎಂದಾರು. ಮೂರನೆಯವರು, "ನನ್ನಲ್ಲಿ ಮೊಳೆತವು, ಹಳೆಯ ಬೀಜವನ್ನು ಬಿಟ್ಟು ಹೊಸದನ್ನು ತಂದಿದ್ದೆ" ಎಂದಾರು. ಹೀಗೆ, ಒಬ್ಬರ ಸೋಲೆಂದು ತೋರಿದ್ದು ಹಲವರ ನಡುವೆ ಬಂದಾಗ ತಾನೇ ಒಂದು ವಿಜ್ಞಾನದ ಪಾಠವಾಗುತ್ತದೆ.

ಇದಕ್ಕಿಂತಲೂ ಮಿಗಿಲಾದ ಇನ್ನೊಂದು ಲಾಭವಿದೆ. ಅದು, "ನನಗೆ ತಿಳಿಯದು" ಎನ್ನುವ ಧೈರ್ಯ. ನಮ್ಮಲ್ಲಿ ಉಪಾಧ್ಯಾಯರಿಗೆ ತಿಳಿಯದ್ದಿಲ್ಲವೆಂದು ಜನರು ಭಾವಿಸುತ್ತಾರೆ. ಈ ಗೌರವವೇ ಅವರಿಗೆ ಸಂಕೋಲೆಯೂ ಆಗುತ್ತದೆ. ವಿದ್ಯಾರ್ಥಿಗಳ ಮುಂದೆ, ಊರ ಹಿರಿಯರ ಮುಂದೆ, ಮೇಲಧಿಕಾರಿಗಳ ಮುಂದೆ ಆಡಲಾಗದ ಆ ಮಾತನ್ನು ಸಮಾನರ ನಡುವೆ ಆಡಬಹುದು. ಹೋಶಂಗಾಬಾದಿನಲ್ಲಿ ದೊಡ್ಡ ಪ್ರಯೋಗಶಾಲೆಗಳ ವಿಜ್ಞಾನಿಗಳು ಹಳ್ಳಿಯ ಉಪಾಧ್ಯಾಯರೊಡನೆ ಕುಳಿತು, ಪ್ರಶ್ನೆಯೊಂದಕ್ಕೆ "ತಿಳಿಯದು, ಮಾಡಿ ನೋಡೋಣ" ಎನ್ನುತ್ತಿದ್ದುದು ಈ ಧೈರ್ಯವನ್ನು ಬೆಳೆಯಿಸಿತು.

ಮಕ್ಕಳ ಪ್ರಶ್ನೆಗಳಿಗಾಗಿಯೇ ಅಲ್ಲಿ 'ಸವಾಲೀರಾಮ'ನೆಂಬ ಕಾಲ್ಪನಿಕ ವ್ಯಕ್ತಿಯನ್ನು ಸೃಷ್ಟಿಸಿದ್ದರು. ಯಾವ ಮಗುವಾದರೂ ಅವನಿಗೆ ಕಾಗದ ಬರೆಯಬಹುದು; ಉತ್ತರ ಬರುತ್ತಿತ್ತು. ಹಿಂದಿಯಲ್ಲಿ ಸವಾಲೆಂದರೆ ಪ್ರಶ್ನೆ. ನಮ್ಮ ಕನ್ನಡದಲ್ಲಿ ಆ ಶಬ್ದಕ್ಕೆ ಪಂಥವೆಂಬ ಅರ್ಥವು ಹತ್ತಿಕೊಂಡು, ಪ್ರಶ್ನೆಯೆಂಬ ಅರ್ಥವು ನ್ಯಾಯಾಲಯದ ಪಾಟೀಸವಾಲಿನಲ್ಲಿ ಮಾತ್ರ ಉಳಿದುಕೊಂಡಿದೆ. ಮಕ್ಕಳು ಪ್ರಶ್ನೆ ಕೇಳಿದರೆ ನಮ್ಮಲ್ಲಿ ಕೆಲವರಿಗೆ ಪಂಥಕ್ಕೆ ಕರೆದಂತೆ ತೋರುವುದು ಇದರಿಂದಲೇ ಏನೋ!

ಗೋಷ್ಠಿಗಳಲ್ಲಿ ಉಪಾಧ್ಯಾಯರು ಹೇಳಿದ ಮಾತು ಗಾಳಿಗೆ ಹೋಗಲಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಯಾವ ಅಧ್ಯಾಯ ಮಕ್ಕಳಿಗೆ ಹತ್ತಲಿಲ್ಲ, ಯಾವ ಪ್ರಯೋಗ ನಡೆಯಲಿಲ್ಲವೆಂಬ ವರದಿಗಳು ಸೇರಿ, ಪುಸ್ತಕವೇ ಪರಿಷ್ಕೃತವಾಯಿತು. 'ಹೋಶಂಗಾಬಾದ್ ವಿಜ್ಞಾನ' ಎಂಬ ಪತ್ರಿಕೆಯೊಂದು ಅವರೊಳಗಣ ಮಾತುಕತೆಯನ್ನು ದೂರದ ಶಾಲೆಗಳಿಗೂ ಮುಟ್ಟಿಸಿತು. ತನ್ನ ಮಾತಿನಿಂದ ಅಚ್ಚಾದ ಪುಸ್ತಕದ ಒಂದು ಸಾಲು ಬದಲಾಯಿತೆಂದು ಕಂಡ ಉಪಾಧ್ಯಾಯನು ಮರುವರ್ಷ ಅದೇ ಪಾಠವನ್ನು ಎಂತಹ ಉತ್ಸಾಹದಿಂದ ಹೇಳಿಯಾನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಹದಿನಾರು ಶಾಲೆಗಳ ಪ್ರಯೋಗವು 1978ರಲ್ಲಿ ಜಿಲ್ಲೆಯ ಎಲ್ಲ ಸರ್ಕಾರಿ ಮಾಧ್ಯಮಿಕ ಶಾಲೆಗಳಿಗೂ ಹರಡಿತು. 1982ರಲ್ಲಿ ಇದರ ಪಾಲನೆಗೆಂದು 'ಏಕಲವ್ಯ' ಎಂಬ ಸಂಸ್ಥೆಯು ಹುಟ್ಟಿತು. ಶತಮಾನವು ಮುಗಿಯುವ ವೇಳೆಗೆ ಬೇರೆ ಜಿಲ್ಲೆಗಳೂ ಸೇರಿ ಸುಮಾರು ಸಾವಿರ ಶಾಲೆಗಳಲ್ಲಿ ಇದು ನಡೆಯುತ್ತಿತ್ತು.

2002ರಲ್ಲಿ ಸರ್ಕಾರವು ಇದನ್ನು ನಿಲ್ಲಿಸಿತು. ರಾಜ್ಯದಲ್ಲೆಲ್ಲ ಒಂದೇ ಪಠ್ಯಕ್ರಮವಿರಬೇಕೆಂದೂ, ಇಲ್ಲಿ ಓದಿದವರು ಮುಂದಿನ ಪರೀಕ್ಷೆಗಳಲ್ಲಿ ಹಿಂದೆ ಬೀಳುವರೆಂದೂ ಹೇಳಲಾಯಿತು; ಅನೇಕ ಉಪಾಧ್ಯಾಯರೂ ವಿದ್ವಾಂಸರೂ ಇದನ್ನು ವಿರೋಧಿಸಿದರು; ಫಲವಾಗಲಿಲ್ಲ. ಒಂದೇ ಪಠ್ಯವಿರಬೇಕೆಂಬ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಪುಸ್ತಕದ ಜೊತೆಗೆ ಮೂವತ್ತು ವರ್ಷಗಳಲ್ಲಿ ಬೆಳೆದಿದ್ದ ಆ ತಿಂಗಳ ಕೂಟವೂ ಹೋಯಿತಲ್ಲ, ಅದು ನಮಗೆ ದೊಡ್ಡ ನಷ್ಟವಾಗಿ ತೋರುತ್ತದೆ. ಪುಸ್ತಕವನ್ನು ಮತ್ತೆ ಅಚ್ಚುಹಾಕಬಹುದು. ಹತ್ತು ಹಳ್ಳಿಯ ಉಪಾಧ್ಯಾಯರು ಒಬ್ಬರ ಮುಂದೊಬ್ಬರು ತಮ್ಮ ತಪ್ಪನ್ನು ಹೇಳಿಕೊಳ್ಳುವ ಸಲಿಗೆಯನ್ನು ಅಚ್ಚುಹಾಕಲು ಯಾವ ಮುದ್ರಣಾಲಯದಲ್ಲಿಯೂ ಮೊಳೆಗಳಿಲ್ಲ. ಏಕಲವ್ಯ ಸಂಸ್ಥೆಯು ಉಪಾಧ್ಯಾಯರಿಗಾಗಿ 1994ರಲ್ಲಿ ಆರಂಭಿಸಿದ 'ಸಂದರ್ಭ' ಎಂಬ ಹಿಂದಿ ಪತ್ರಿಕೆಯು ಆ ಮಾತುಕತೆಯ ಒಂದೆಳೆಯನ್ನು ಮುಂದುವರಿಸಿತೆಂಬುದು ಸಮಾಧಾನದ ಸಂಗತಿ.

ಜಪಾನಿನಲ್ಲಿ ಇಂತಹ ಪದ್ಧತಿಯು ನೂರು ವರ್ಷಕ್ಕೂ ಮೀರಿ ನಡೆದುಬಂದಿದೆ. ಅದಕ್ಕೆ ಅವರು 'ಜುಗ್ಯೋ ಕೆನ್‌ಕ್ಯೂ' ಎನ್ನುವರು. ಪಾಠಾಧ್ಯಯನವೆಂದು ನಾವು ಕರೆಯಬಹುದು. ಹಲವರು ಉಪಾಧ್ಯಾಯರು ಸೇರಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಯೋಚಿಸಿ ಸಿದ್ಧಪಡಿಸುವರು. ಒಬ್ಬರು ಅದನ್ನು ಮಕ್ಕಳಿಗೆ ಹೇಳುವಾಗ, ಉಳಿದವರು ತರಗತಿಯ ಸುತ್ತಲೂ ನಿಂತು ನೋಡುವರು; ಅವರ ಕಣ್ಣಿರುವುದು ಉಪಾಧ್ಯಾಯರ ಮೇಲಲ್ಲ, ಮಕ್ಕಳ ಮೇಲೆ. ಸಂಜೆ ಎಲ್ಲರೂ ಕುಳಿತು ವಿಮರ್ಶಿಸುವರು. ಸೂಕ್ಷ್ಮವೆಷ್ಟೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುವೆವು. ಒಂದನೆಯ ತರಗತಿಗೆ ಕಳೆಯುವ ಲೆಕ್ಕವನ್ನು ಕಲಿಸಬೇಕಾಗಿದೆ. ಯಾವ ಅಂಕಗಳನ್ನು ಆರಿಸಬೇಕು? 12ರಲ್ಲಿ 3 ಕಳೆಯೆಂದರೆ ಮಗುವು ಬೆರಳು ಮಡಿಚಿ ಹಿಂದಕ್ಕೆ ಎಣಿಸಿಬಿಡುತ್ತದೆ. 13ರಲ್ಲಿ 9 ಕಳೆಯೆಂದರೆ ಹಾಗೆ ಎಣಿಸುವುದು ಪ್ರಯಾಸ. ಹತ್ತರಿಂದ ಒಂಬತ್ತನ್ನು ತೆಗೆದು, ಉಳಿದ ಒಂದಕ್ಕೆ ಮೂರನ್ನು ಕೂಡಿಸುವ ದಾರಿಯನ್ನು ಮಗುವು ತಾನೇ ಕಂಡುಕೊಳ್ಳುವ ಸಂಭವವಿದೆ. ಲೆಕ್ಕ ಒಂದೇ ಬಗೆಯದು, ಅಂಕಗಳು ಬೇರೆಯಾದರೆ ಮಗುವಿನ ಆಲೋಚನೆಯೇ ಬೇರೆ. ಒಂಟಿ ಉಪಾಧ್ಯಾಯನು ಬಾಯಿಗೆ ಬಂದ ಅಂಕಗಳನ್ನು ಹಲಗೆಯ ಮೇಲೆ ಬರೆಯುವನು; ಹತ್ತು ಮಂದಿ ಕೂಡಿದಲ್ಲಿ ಈ ಅಂಕವೇಕೆ ಎಂಬ ಪ್ರಶ್ನೆ ಏಳುತ್ತದೆ. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಇದನ್ನು ವರ್ಣಿಸಿ ಗ್ರಂಥ ಬರೆದ ಮೇಲೆ, ಬೇರೆ ದೇಶದವರೂ ಇದನ್ನು ಅನುಸರಿಸತೊಡಗಿದರು.

ನಮ್ಮ ನಾಡಿನ ಸ್ಥಿತಿ ಹೇಗಿದೆ? ಯೋಜನೆಗಳಿಗೆ ಕೊರತೆಯಿಲ್ಲ. ನೆರೆಹೊರೆಯ ಶಾಲೆಗಳನ್ನು ಒಂದು ಸಂಕುಲವಾಗಿ ಕೂಡಿಸಬೇಕೆಂದು ಕೊಠಾರಿ ಆಯೋಗವು 1966ರಲ್ಲಿಯೇ ಹೇಳಿತು. 1994ರ ಸುಮಾರಿಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮವು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಮೊದಲಾದಾಗ ಶಾಲೆಗಳ ಸಮೂಹಕ್ಕೊಂದು ಸಂಪನ್ಮೂಲ ಕೇಂದ್ರವೆಂಬ ವ್ಯವಸ್ಥೆಯೂ ಬಂದಿತು. ಕ್ರಮೇಣ ಅದು ನಾಡಿನಾದ್ಯಂತ ಹಬ್ಬಿತು. ನಮ್ಮ ಮೊಮ್ಮಗನ ಮೇಷ್ಟರು ಹೋಗುವ 'ಸಮಾಲೋಚನಾ ಸಭೆ'ಯು ಇದರ ಸಂತಾನವೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಉಪಾಧ್ಯಾಯರೂ ವರ್ಷಕ್ಕೆ 50 ಗಂಟೆಗಳನ್ನು ತಮ್ಮ ವೃತ್ತಿಯ ಅಭಿವೃದ್ಧಿಗಾಗಿ ವಿನಿಯೋಗಿಸುವಂತಾಗಬೇಕೆಂದು ಬಯಸಿದೆ.

ಆದರೆ ಸಭೆಯೆಂಬ ಹೆಸರಿದ್ದ ಮಾತ್ರಕ್ಕೆ ಸಮಾಲೋಚನೆಯಾಗಲಿಲ್ಲ. ನಮ್ಮ ವೃದ್ಧ ಮಿತ್ರರು ತಮ್ಮ ಸೇವೆಯ ಕೊನೆಯ ವರ್ಷಗಳಲ್ಲಿ ಹೋಗುತ್ತಿದ್ದ ಸಭೆಗಳನ್ನೂ ಮುಚ್ಚುಮರೆಯಿಲ್ಲದೆ ವರ್ಣಿಸಿದರು. ಮೊದಲು ಸುತ್ತೋಲೆಗಳ ವಾಚನ. ಆಮೇಲೆ ಎಷ್ಟು ಮಕ್ಕಳಿಗೆ ಸಮವಸ್ತ್ರ ಬಂದಿತು, ಎಷ್ಟು ಮೂಟೆ ಅಕ್ಕಿ ಉಳಿಯಿತು ಎಂಬ ನಮೂನೆಗಳ ಭರ್ತಿ. ಅಷ್ಟರಲ್ಲಿ ಉಪ್ಪಿಟ್ಟು, ಚಹ. ತರುವಾಯ ಬಸ್ಸಿನ ಹೊತ್ತು. ಒಂದು ದಿನವೆಲ್ಲ ಕಳೆದರೂ 'ಪಾಠ' ಎಂಬ ಶಬ್ದವು ಒಮ್ಮೆಯೂ ಕಿವಿಗೆ ಬೀಳದ ಸಭೆಗಳುಂಟಂತೆ. ಈಗಿನ ಕೈಫೋನಿನ ಗುಂಪುಗಳೂ ಅನೇಕ ವೇಳೆ ಆದೇಶಗಳನ್ನೂ ಹಬ್ಬದ ಶುಭಾಶಯಗಳನ್ನೂ ಹೊರುವ ಗಾಡಿಗಳಾಗಿವೆ. ಹೋಶಂಗಾಬಾದಿನ ಗೋಷ್ಠಿಗೂ ಇದಕ್ಕೂ ವ್ಯತ್ಯಾಸವೆಲ್ಲಿ? ಅಲ್ಲಿ ಮಾತು ಕೆಳಗಿನಿಂದ ಮೇಲಕ್ಕೆ ಹರಿಯುತ್ತಿತ್ತು. ತರಗತಿಯಲ್ಲಿ ನಡೆದದ್ದೇ ಸಭೆಯ ವಿಷಯವಾಗುತ್ತಿತ್ತು. ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುವುದಾದರೆ ಟಪಾಲು ಸಾಕು. ಉಪಾಧ್ಯಾಯರನ್ನು ಊರಿಂದೂರಿಗೆ ಕರೆಯಿಸಿಕೊಳ್ಳಬೇಕಾಗಿಲ್ಲ.

ಇನ್ನು ಏಕೋಪಾಧ್ಯಾಯ ಶಾಲೆಯ ಕಷ್ಟವು ಬೇರೆ. ಅಲ್ಲಿ ಮೇಷ್ಟರು ಸಭೆಗೆ ಹೋದರೆ ಶಾಲೆಯ ಬಾಗಿಲನ್ನು ಮುಚ್ಚಬೇಕಾಗುತ್ತದೆ. ಕೂಲಿಗೆ ಹೋಗುವ ತಾಯಿಗೆ ಆ ದಿನ ಮಗುವನ್ನು ಬಿಡಲು ಸ್ಥಳವಿರುವುದಿಲ್ಲ. ಆಕೆಯು ಗೊಣಗಿದರೆ ಅದು ನ್ಯಾಯವಾದ ಗೊಣಗಾಟ. ಆದರೆ ಸಂಗಾತಿಗಳ ಅವಶ್ಯಕತೆ ಎಲ್ಲರಿಗಿಂತ ಹೆಚ್ಚಾಗಿರುವುದೂ ಆ ಉಪಾಧ್ಯಾಯರಿಗೇ. ಊರಿನ ಓದಿದ ಹುಡುಗರೋ ಹುಡುಗಿಯರೋ ತಿಂಗಳಿಗೊಂದು ಬೆಳಗ್ಗೆ ಮಕ್ಕಳಿಗೆ ಕಥೆ ಹೇಳಿಕೊಂಡು ಕುಳಿತರೆ ಸಾಕೆಂದು ನಮಗೆ ತೋರುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಗೃಹಸ್ಥರು ಇದನ್ನು ಏರ್ಪಡಿಸಲು ದೊಡ್ಡ ಹಣವೇನೂ ಬೇಕಾಗದು. ಮೇಷ್ಟರು ಹಿಂದಿರುಗಿದ ಮೇಲೆ, "ಏಕೆ ಹೋಗಿದ್ದಿರಿ?" ಎನ್ನುವುದರ ಬದಲು, "ಏನು ತಂದಿರಿ?" ಎಂದು ವಿಚಾರಿಸುವುದೂ ಆಗಬಹುದು. ಆ ಪ್ರಶ್ನೆಯು ಬರುತ್ತದೆಂದು ತಿಳಿದರೆ, ಬರಿಗೈಯಲ್ಲಿ ಕಳುಹಿಸುವ ಸಭೆಗಳಿಗೂ ಸ್ವಲ್ಪ ನಾಚಿಕೆಯಾದೀತು.

ಸೋಮವಾರ ಸಂಜೆ ಮೊಮ್ಮಗನು ಶಾಲೆಯಿಂದ ಬಂದವನೇ ಅಡಿಗೆಮನೆಗೆ ನುಗ್ಗಿ ಒಂದು ನಿಂಬೆಹಣ್ಣನ್ನೂ ಪೊರಕೆಯಿಂದ ಒಂದು ಕಡ್ಡಿಯನ್ನೂ ಕಿತ್ತುಕೊಂಡು ಬಂದನು. ದೇವರ ಮುಂದಿನ ದೀಪವನ್ನು ನಡುಮನೆಗೆ ತರುವೆನೆಂದಾಗ ಅವನ ಅಜ್ಜಿಯು ಒಪ್ಪಲಿಲ್ಲ. ಮೇಣದ ಬತ್ತಿಯೊಂದಕ್ಕೆ ರಾಜಿಯಾಯಿತು. ಕಡ್ಡಿ ಚುಚ್ಚಿದ ನಿಂಬೆಹಣ್ಣನ್ನು ವಾಲಿಸಿ ಹಿಡಿದು, ಬತ್ತಿಯ ಸುತ್ತ ತಿರುಗಿಸುತ್ತ, "ಶನಿವಾರ ಸಭೆಯಲ್ಲಿ ಮಾಡಿ ನೋಡಿದರಂತೆ. ನಮ್ಮ ಮೇಷ್ಟರು ಇವತ್ತು ತೋರಿಸಿದರು. ಈಗ ನಾವು ಸೂರ್ಯನಿಗೆ ತುಂಬ ಹತ್ತಿರದಲ್ಲಿದ್ದೇವೆ, ಗೊತ್ತೇ ಅಜ್ಜೀ?" ಎಂದನು. ನಮ್ಮ ವೃದ್ಧ ಮಿತ್ರರು ಆ ಹೊತ್ತಿಗೆ ಜಗಲಿಯ ಮೇಲೆ ಬಂದು ಕುಳಿತಿದ್ದವರು, ಕನ್ನಡಕವನ್ನು ತೆಗೆದು ಒರೆಸಿಕೊಂಡು, ಹತ್ತಿರಕ್ಕೆ ಬಂದು ನೋಡಿದರು.

ಅಜ್ಜಿಯು ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡು, "ಇಷ್ಟು ಹತ್ತಿರ ಬಂದೂ ಈ ಚಳಿಯೇ! ನಿಂಬೆಹಣ್ಣನ್ನು ಹಾಳುಮಾಡಬೇಡ, ನಾಳೆ ಚಿತ್ರಾನ್ನಕ್ಕೆ ಬೇಕು" ಎಂದಳು.